ಬ್ಯಾಸ್ ಲೂರ್ ಡಬ್ಬಿ ಬಂದಿದೆ, ಹಾಸನದ ಕೆರೆಗೆ ಯಾವ ದಾರ ಹಾಕಲಿ?

ಗೊರೂರು ರಸ್ತೆ:
ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಟೆಕ್ಸಾಸ್‌ನಲ್ಲಿದ್ದಾರೆ. ಈ ಸಲ ಬಂದಾಗ ಬ್ಯಾಸ್ ಮೀನು ಹಿಡಿಯುವ ಲೂರ್, ಅಂದರೆ ಗಾಳದ ನಕಲಿ ಎರೆಗಳ ಡಬ್ಬಿ ತಂದುಕೊಟ್ಟರು. ಒಳಗೆ ರಬ್ಬರ್ ಕಪ್ಪೆ ಇದೆ, ಪ್ಲಾಸ್ಟಿಕ್ ಹುಳುಗಳ ಪ್ಯಾಕೆಟ್ ಇದೆ, ಮೂತಿಗೆ ಪ್ಲಾಸ್ಟಿಕ್ ತುಟಿ ಅಂಟಿಸಿದ ಮರಿಮೀನಿನ ಥರದವು ಇವೆ, ತಗಡಿನ ರೆಕ್ಕೆ ತಿರುಗುವ ಸ್ಪಿನ್ನರ್ ಇದೆ. ರಾಡ್ 7 ಅಡಿ ಮೀಡಿಯಂ ಹೆವಿ, ರೀಲ್ 3000 ಸೈಜಿನ ಸ್ಪಿನ್ನಿಂಗ್. ದಾರ ಮಾತ್ರ ಇಲ್ಲ.

ಅಂಗಡಿಗೆ ಹೋದರೆ ಮೂರು ಥರ ತೋರಿಸಿದರು. ನೈಲಾನ್, ಫ್ಲೋರೋಕಾರ್ಬನ್, ಬ್ರೇಡ್. ಯಾವುದು ಒಳ್ಳೆಯದು ಅಂದರೆ ಯಾವುದಕ್ಕೆ ರೇಟ್ ಜಾಸ್ತಿಯೋ ಅದನ್ನೇ ಎತ್ತಿ ಕೊಟ್ಟರು. ತಗೊಳ್ಳದೆ ಬಂದೆ.

ನಾನು ಹೋಗುವುದು ಹೇಮಾವತಿ ಹಿನ್ನೀರಿಗೆ, ಬಿಟ್ಟರೆ ನಮ್ಮೂರ ಕೆರೆಗೆ. ಕೆರೆಯಲ್ಲಿ ಏರಿ ಬದಿ ಬಿಟ್ಟರೆ ಉಳಿದದ್ದೆಲ್ಲ ಜೊಂಡು, ತಾವರೆ. ಇಲ್ಲಿಯವರೆಗೆ ಎರೆಹುಳು, ಬೆಂಡು, ತಂಗೂಸಿ ಬಿಟ್ಟು ಬೇರೇನೂ ಗೊತ್ತಿಲ್ಲ. ತಿಳಿದವರು ಹೇಳಿ.

ಏರಿ ಮೇಲೆ:
ಮೊದಲನೇ ಮಾತು. ಹೇಮಾವತಿಯಲ್ಲಿ ಬ್ಯಾಸ್ ಇಲ್ಲ. ಅದು ಅಮೆರಿಕದ ಮೀನು. ಆದರೆ ಡಬ್ಬಿ ದಂಡ ಅಂತ ಬೇಜಾರು ಬೇಡ. ನಮ್ಮ ಮರಲ್ ಮೀನು ಬೇಟೆಯಾಡುವ ರೀತಿ ಹೆಚ್ಚು ಕಡಿಮೆ ಬ್ಯಾಸ್ ರೀತಿಯೇ. ಎಲೆ ಅಡಿಯಲ್ಲಿ, ಜೊಂಡಿನ ಸಂದಿಯಲ್ಲಿ ಅಲ್ಲಾಡದೆ ನಿಂತಿರುತ್ತದೆ. ತಲೆ ಮೇಲೆ ಏನಾದರೂ ಹೋದರೆ ಒಂದೇ ನೆಗೆತ. ಹಾಗಾಗಿ ಬ್ಯಾಸ್‌ಗೆ ಮಾಡಿದ ಕಪ್ಪೆ ನಮ್ಮ ಕೆರೆಯಲ್ಲೂ ಕೆಲಸ ಮಾಡುತ್ತದೆ.

ಎರಡನೇ ಮಾತು. ಲೂರ್ ನೋಡಿ ದಾರ ತಗೊಳ್ಳಬೇಡಿ. ಅಂಗಡಿಯವರನ್ನು ಕೇಳಿಯೂ ತಗೊಳ್ಳಬೇಡಿ. ನೀವು ಗಾಳ ಎಸೆಯುವ ಜಾಗದಲ್ಲಿ ಎಷ್ಟು ಜೊಂಡಿದೆ, ನೀರು ಎಷ್ಟು ತಿಳಿಯಾಗಿದೆ, ಅದನ್ನು ನೋಡಿ ತಗೊಳ್ಳಿ. ನೀವು ಹೇಳಿದ ಎರಡು ಜಾಗಕ್ಕೆ ಎರಡು ಥರದ ದಾರ ಬೇಕಾಗುತ್ತದೆ. ರಾತ್ರಿ ಕೂತು ಬರೆಯುತ್ತೇನೆ, ಈಗ ಕೆಲಸದಲ್ಲಿದ್ದೇನೆ.

ಮೂಡಿಗೆರೆ ಮಳೆ:
ಅಲ್ಲ ಮಾರಾಯ, ಇಷ್ಟೆಲ್ಲ ಯಾಕೆ? ನಮ್ಮ ಕಡೆ ಗದ್ದೆ ಬದಿಯ ಹಳ್ಳದಲ್ಲಿ ಕುಚ್ಚು (ಮರಲ್ ಜಾತಿಯ ಮೀನು) ಹಿಡಿಯಲು ಬಿದಿರು ಕೋಲು, ದಪ್ಪ ತಂಗೂಸಿ, ಒಂದು ಕಪ್ಪೆ ಸಾಕು. ರಬ್ಬರ್ ಕಪ್ಪೆಯ ದುಡ್ಡಿಗೆ ಮನೆಮಂದಿಗೆಲ್ಲ ಮೀನು ಕೊಂಡು ತಿನ್ನಬಹುದು.

ಸಕಲೇಶಪುರ ಟು ಡಲ್ಲಾಸ್:
ಮೂಡಿಗೆರೆಯವರೇ, ಮೀನು ತಿನ್ನುವುದೇ ಗುರಿ ಆದರೆ ಸಂತೆಗೆ ಹೋಗುವುದೇ ಸರಿ, ಅದರಲ್ಲಿ ಎರಡು ಮಾತಿಲ್ಲ 😀 ಇಲ್ಲಿ ಹೆಚ್ಚಿನವರು ಬ್ಯಾಸ್ ಹಿಡಿದು ತೂಕ ನೋಡಿ ವಾಪಸ್ ಬಿಡುತ್ತಾರೆ. ಆಟ ಅದು.

ಡಬ್ಬಿ ಕೊಟ್ಟ ಭಾವನವರ ಕಡೆಯಿಂದ ನಾನೇ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲಿಯ ಕೆರೆಗಳಲ್ಲಿ ಒಂದೊಂದು ಕಾಲಕ್ಕೆ ಬ್ಯಾಸ್ ಒಂದೊಂದು ಆಳದಲ್ಲಿರುತ್ತದೆ. ವಸಂತದಲ್ಲಿ ಮೊಟ್ಟೆ ಇಡಲು ದಡಕ್ಕೆ ಬರುತ್ತದೆ, ಬಿಸಿಲು ಏರಿದ ಮೇಲೆ ಕೆಳಗಿಳಿಯುತ್ತದೆ. ಅದಕ್ಕೇ ಡಬ್ಬಿಯಲ್ಲಿ ಇಷ್ಟು ಥರ. ಮೇಲೆ ತೇಲುವುದಕ್ಕೆ ಕಪ್ಪೆ. ನಡುನೀರಿಗೆ ತುಟಿ ಇರುವ ಕ್ರ್ಯಾಂಕ್‌ಬೇಟ್. ತಳಕ್ಕೆ ಪ್ಲಾಸ್ಟಿಕ್ ಹುಳು. ತುಟಿ ಉದ್ದ ಇದ್ದಷ್ಟೂ ಆಳಕ್ಕೆ ಹೋಗುತ್ತದೆ, ಗಿಡ್ಡ ತುಟಿ ಇದ್ದರೆ ಮೇಲೆಯೇ ಓಡುತ್ತದೆ.

ಪ್ಲಾಸ್ಟಿಕ್ ಹುಳುವಿನ ಕಥೆ ಗೊತ್ತಾ? 1949ರಲ್ಲಿ ಓಹಾಯೋದ ಆಕ್ರನ್ ಊರಿನ ನಿಕ್ ಕ್ರೀಮ್ ಎಂಬವರು ಮನೆಯಲ್ಲೇ ಅಚ್ಚು ಮಾಡಿ ಶುರು ಮಾಡಿದ್ದು. ಬ್ಯಾಸ್ ಗಾಳದ ಲೋಕವನ್ನೇ ಅದು ಬದಲಾಯಿಸಿತು. ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೆ ಮುಚ್ಚಿ, ಮುಂದೆ ಗುಂಡಿನಾಕಾರದ ತೂಕ ಪೋಣಿಸಿದರೆ ಅದಕ್ಕೆ ಟೆಕ್ಸಾಸ್ ರಿಗ್ ಅನ್ನುತ್ತಾರೆ. ಕಸದ ನಡುವೆ ಎಳೆದರೂ ಸಿಕ್ಕಿಕೊಳ್ಳುವುದು ಕಡಿಮೆ.

ಬೇಲೂರು ಬೆಂಡು:
ಡಲ್ಲಾಸ್ ಅಣ್ಣ, ಬ್ಯಾಸ್ ಎಷ್ಟು ದೊಡ್ಡದಾಗುತ್ತದೆ? ವಿಡಿಯೋದಲ್ಲಿ ಎಲ್ಲರೂ ಎರಡು ಕೆಜಿ ಮೀನಿಗೇ ಕುಣಿಯುತ್ತಾರಲ್ಲ.

ಸಕಲೇಶಪುರ ಟು ಡಲ್ಲಾಸ್:
ಎರಡು ಕೆಜಿ ಅಂದರೆ ಕುಣಿಯುವ ಮೀನೇ. ವಿಶ್ವದಾಖಲೆ 22 ಪೌಂಡ್ 4 ಔನ್ಸ್, ಅಂದರೆ ಸುಮಾರು 10 ಕೆಜಿ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಎಂಬವರು ಹಿಡಿದದ್ದು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಎಂಬವರಿಗೆ ಅದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ತೂಗುವ ಮೀನು ಸಿಕ್ಕಿತು. ಹಳೆಯ ದಾಖಲೆ ಮುರಿಯಬೇಕಾದರೆ ಕನಿಷ್ಠ 2 ಔನ್ಸ್ ಜಾಸ್ತಿ ಇರಬೇಕು ಎಂಬ ನಿಯಮ ಇದೆ. ಅಷ್ಟಿರಲಿಲ್ಲ. ಹಾಗಾಗಿ ಇಬ್ಬರೂ ಸಮ.

ಬೇಲೂರು ಬೆಂಡು:
ಜಪಾನಿಗೆ ಹೋಗಿದೆ ಅಂದರೆ ಇಲ್ಲಿಗೂ ಮರಿ ತಂದು ಯಗಚಿಗೆ ಬಿಡಬಹುದಲ್ಲ? ಸುಮ್ನೆ ಕೇಳಿದೆ.

ಹಿರೇಕೊಳಲೆ ಹಕ್ಕಿ:
ದಯವಿಟ್ಟು ಆ ಮಾತು ತಮಾಷೆಗೂ ಬೇಡ. ಜಪಾನಿಗೆ 1925ರಲ್ಲಿ ಅಮೆರಿಕದಿಂದ ತಂದು ಆಶಿ ಸರೋವರಕ್ಕೆ ಬಿಟ್ಟರು. ಆಮೇಲೆ ದೇಶವೆಲ್ಲ ಹರಡಿ ಅಲ್ಲಿನ ಸಣ್ಣ ಮೀನುಗಳನ್ನು ತಿಂದು ಹಾಕಿತು. 2005ರಿಂದ ಅಲ್ಲಿ ಜೀವಂತ ಬ್ಯಾಸ್ ಸಾಕುವುದು, ಸಾಗಿಸುವುದು, ನೀರಿಗೆ ಬಿಡುವುದು ಎಲ್ಲ ಕಾನೂನು ಪ್ರಕಾರ ನಿಷೇಧ. ನಮ್ಮಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧ ಇದ್ದರೂ ಹೊಂಡ ತುಂಬಿ ಹರಿದಾಗ ಹಳ್ಳಕ್ಕೆ ಸೇರುತ್ತಿದೆ. ಅದೇ ಸಾಕಾಗಿದೆ.

ಬೇಲೂರು ಬೆಂಡು:
ಆಯ್ತು ಮೇಡಂ, ಮಾತು ವಾಪಸ್ 🙏

ಏರಿ ಮೇಲೆ:
ಕೂತೆ. ದಾರದ ವಿಷಯಕ್ಕೆ ಬರುತ್ತೇನೆ. ಉದ್ದ ಆಗುತ್ತದೆ, ಟೀ ಇಟ್ಟುಕೊಂಡು ಓದಿ.

ನೈಲಾನ್ ಅಂದರೆ ನೀವು ಹೇಳಿದ ತಂಗೂಸಿಯೇ, ಸ್ವಲ್ಪ ಒಳ್ಳೆಯ ಜಾತಿಯದು. ಇದು ರಬ್ಬರಿನ ಥರ ಸ್ವಲ್ಪ ಹಿಗ್ಗುತ್ತದೆ. ಮೀನು ಹಠಾತ್ತನೆ ಎಳೆದರೂ ಪೆಟ್ಟು ಕೊಕ್ಕೆ ಮೇಲೆ ನೇರ ಬೀಳುವುದಿಲ್ಲ. ಅದಕ್ಕೇ ಮೂರು ಮೊನೆಯ ಸಣ್ಣ ಕೊಕ್ಕೆ ಇರುವ ಕ್ರ್ಯಾಂಕ್‌ಬೇಟ್‌ಗೆ ನೈಲಾನ್ ಒಳ್ಳೆಯದು, ಬಾಯಿ ಹರಿದು ತಪ್ಪಿಸಿಕೊಳ್ಳುವುದು ಕಡಿಮೆ. ಗಂಟು ಸುಲಭ, ರೇಟೂ ಕಡಿಮೆ. ತೊಂದರೆ ಏನು ಅಂದರೆ ನೀರು ಹೀರಿಕೊಂಡು ಸ್ವಲ್ಪ ಬಲ ಕಳೆದುಕೊಳ್ಳುತ್ತದೆ, ಬಿಸಿಲಿಗೆ ಹಾಳಾಗುತ್ತದೆ. ರೀಲ್‌ನಲ್ಲಿ ತಿಂಗಳುಗಟ್ಟಲೆ ಇದ್ದರೆ ಸುರುಳಿ ಸುರುಳಿಯಾಗಿ ಹೊರಬರುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಬಿಸಿಲಲ್ಲಿ ನಿಲ್ಲಿಸಿದಿರೋ, ಆ ದಾರದ ಕಥೆ ಮುಗಿಯಿತು.

ಫ್ಲೋರೋಕಾರ್ಬನ್ ನೋಡಲು ನೈಲಾನ್ ಥರವೇ, ಒಳಗೆ ಬೇರೆ. ನೀರಿನಲ್ಲಿ ಕಣ್ಣಿಗೆ ಬೀಳುವುದು ಕಡಿಮೆ. ಕಾರಣ ಇಷ್ಟೇ. ಬೆಳಕು ನೀರಿನಲ್ಲಿ ಬಾಗುವ ಲೆಕ್ಕ 1.33, ಫ್ಲೋರೋಕಾರ್ಬನ್‌ನಲ್ಲಿ 1.42, ನೈಲಾನ್‌ನಲ್ಲಿ 1.5ಕ್ಕೂ ಮೇಲೆ. ನೀರಿನ ಲೆಕ್ಕಕ್ಕೆ ಹತ್ತಿರ ಇದ್ದಷ್ಟೂ ದಾರ ಕಾಣುವುದಿಲ್ಲ. ಕಾಣುವುದೇ ಇಲ್ಲ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತಾರೆ, ಅದು ವ್ಯಾಪಾರದ ಮಾತು. ಕಲ್ಲಿಗೆ ಉಜ್ಜಿದರೂ ಬೇಗ ಸವೆಯುವುದಿಲ್ಲ. ಆದರೆ ಭಾರ ಜಾಸ್ತಿ, ನೀರಿನಲ್ಲಿ ಮುಳುಗುತ್ತದೆ. ತೇಲುವ ಕಪ್ಪೆಗೆ ಇದನ್ನು ಕಟ್ಟಿದರೆ ದಾರ ಕೆಳಗಿಳಿದು ಕಪ್ಪೆಯ ಮೂತಿಯನ್ನೂ ಎಳೆಯುತ್ತದೆ. ರೀಲ್ ತುಂಬ ಇದನ್ನೇ ಸುತ್ತುವ ಅಗತ್ಯ ನಮ್ಮ ಕಡೆ ಯಾರಿಗೂ ಇಲ್ಲ. ಕೊನೆಯ ಒಂದೆರಡು ಮೀಟರಿಗೆ ಸಾಕು.

ಬ್ರೇಡ್ ಅಂದರೆ ಸಣ್ಣ ಎಳೆಗಳನ್ನು ಹೆಣೆದದ್ದು. ಬಹಳ ಗಟ್ಟಿಯಾದ ಪಾಲಿಎಥಿಲೀನ್, ಡೈನೀಮಾ ಅಂತ ಹೆಸರು ಕೇಳಿರಬಹುದು. 30 ಪೌಂಡಿನ (ಅಂದರೆ ಅಷ್ಟು ಎಳೆತ ತಡೆಯುವ) ಬ್ರೇಡ್ ದಪ್ಪದಲ್ಲಿ ಸುಮಾರು 8 ಪೌಂಡಿನ ನೈಲಾನ್‌ನಷ್ಟು. ಒಂದು ಪೌಂಡ್ ಅಂದರೆ 450 ಗ್ರಾಂ ಚಿಲ್ಲರೆ, ಲೆಕ್ಕ ನೀವೇ ಹಾಕಿಕೊಳ್ಳಿ. ಹಿಗ್ಗುವುದೇ ಇಲ್ಲ ಅನ್ನಬಹುದು. ದೂರದಲ್ಲಿ ಮೀನು ಮುಟ್ಟಿದರೂ ಬೆರಳಿಗೆ ತಿಳಿಯುತ್ತದೆ. ನೀರಿಗಿಂತ ಹಗುರ, ತೇಲುತ್ತದೆ. ಜೊಂಡಿನೊಳಗೆ ಮೀನು ನುಗ್ಗಿದರೆ ಬಿಗಿಯಾದ ಬ್ರೇಡ್ ಕುಡುಗೋಲಿನ ಹಾಗೆ ಕಾಂಡ ಕೊಯ್ದುಕೊಂಡು ಬರುತ್ತದೆ. ನೈಲಾನ್ ಅಲ್ಲೇ ಸುತ್ತಿಕೊಂಡು ಕೂರುತ್ತದೆ.

ಈಗ ನಿಮ್ಮ ಪ್ರಶ್ನೆ. ಊರ ಕೆರೆಗೆ, ಜೊಂಡು ತಾವರೆ ಮೇಲೆ ಕಪ್ಪೆ ಎಳೆಯಲು ಬ್ರೇಡ್ ಒಂದೇ ದಾರಿ. 30ರಿಂದ 50 ಪೌಂಡ್. ಹಿನ್ನೀರಿನ ಬಯಲು ದಂಡೆಯಲ್ಲಿ ಸ್ಪಿನ್ನರ್, ಕ್ರ್ಯಾಂಕ್ ಎಸೆಯಲು 10–12 ಪೌಂಡಿನ ನೈಲಾನ್ ಧಾರಾಳ. ರೀಲ್ ಒಂದೇ ಇದ್ದರೆ ಇನ್ನೊಂದು ಸ್ಪೂಲ್ (ರೀಲಿನಲ್ಲಿ ದಾರ ಸುತ್ತುವ ಉರುಳೆ) ಕೊಳ್ಳಿ, ಎರಡಕ್ಕೆ ಎರಡು ದಾರ. ಸ್ಪೂಲ್ ಬದಲಾಯಿಸಲು ಒಂದು ನಿಮಿಷ ಸಾಕು.

ತರೀಕೆರೆ ಲೈನ್:
ಏರಿ ಅಣ್ಣ ಹೇಳಿದ್ದು ಒಪ್ಪುತ್ತೇನೆ. ಒಂದು ಸೇರಿಸುತ್ತೇನೆ. ಮರಲ್‌ಗೆ ಹಲ್ಲಿದೆ. ಬ್ಯಾಸ್ ಬಾಯಿ ಮರಳು ಕಾಗದದ ಥರ ಒರಟು ಅಷ್ಟೇ, ಹೆಬ್ಬೆರಳು ಹಾಕಿ ತುಟಿ ಹಿಡಿದು ಎತ್ತುತ್ತಾರೆ. ಅದನ್ನು ವಿಡಿಯೋದಲ್ಲಿ ನೋಡಿ ಮರಲ್ ಬಾಯಿಗೆ ಬೆರಳು ಹಾಕಬೇಡಿ. ಇಕ್ಕಳ ಇಟ್ಟುಕೊಳ್ಳಿ. ಹಿನ್ನೀರಿನ ದೊಡ್ಡ ಅವಲು (ಇದೂ ಮರಲ್ ಜಾತಿಯದೇ) ಸಿಕ್ಕರೆ ಕೊನೆಯ ಅರ್ಧ ಮೀಟರಿಗೆ 40 ಪೌಂಡಿನ ದಪ್ಪ ನೈಲಾನ್ ಅಥವಾ ಫ್ಲೋರೋ ಲೀಡರ್ (ಮುಖ್ಯ ದಾರದ ತುದಿಗೆ ಕಟ್ಟುವ ತುಂಡು ದಾರ) ಇದ್ದರೆ ಕ್ಷೇಮ. ದಪ್ಪ ಜೊಂಡಿನ ಕೆರೆಯಲ್ಲಿ ಮಾತ್ರ ಲೀಡರ್ ಬೇಡ. ಗಂಟು ಕಸಕ್ಕೆ ಸಿಕ್ಕಿಕೊಳ್ಳುತ್ತದೆ. ನೇರ ಬ್ರೇಡ್‌ಗೇ ಕಪ್ಪೆ ಕಟ್ಟಿ.

ಇನ್ನು ಗಂಟು. ಎರೆಹುಳುವಿನ ಕೊಕ್ಕೆಗೆ ಹಾಕುವ ಸುತ್ತುಗಂಟು ಬ್ರೇಡ್‌ನಲ್ಲಿ ಜಾರುತ್ತದೆ. ಪಾಲೊಮಾರ್ ಕಲಿಯಿರಿ. ದಾರ ಮಡಚಿ ಜೋಡಿ ಮಾಡಿ ಲೂರಿನ ಕಿವಿಯೊಳಗೆ ತೂರಿಸಿ. ಆ ಜೋಡಿಯಿಂದಲೇ ಒಂದು ಸಡಿಲ ಗಂಟು ಹಾಕಿ. ತುದಿಯ ಕುಣಿಕೆಯೊಳಗೆ ಇಡೀ ಲೂರನ್ನು ದಾಟಿಸಿ. ಎಂಜಲು ಹಚ್ಚಿ ನಿಧಾನ ಎಳೆದು ಬಿಗಿ ಮಾಡಿ. ಒಣ ದಾರ ಎಳೆದರೆ ಉಜ್ಜಿ ಬಿಸಿಯಾಗಿ ಬಲ ಹೋಗುತ್ತದೆ, ನೈಲಾನ್‌ಗೆ ಇದು ಇನ್ನೂ ಮುಖ್ಯ.

ಮೂಡಿಗೆರೆ ಮಳೆ:
ಗಂಟಿನ ವಿಷಯ ಸರಿ. ಆದರೆ ರಬ್ಬರ್ ಕಪ್ಪೆ ನಿಜವಾಗಲೂ ಹಿಡಿಯುತ್ತದಾ? ನಮ್ಮ ಹುಡುಗ ಒಬ್ಬ ತಂದು ದಿನವಿಡೀ ಎಸೆದ. ಮೀನು ಬಂದು ಬಡಿದು ಬಡಿದು ಹೋಯಿತು, ಒಂದೂ ಸಿಗಲಿಲ್ಲ. ಕೊನೆಗೆ ಕಪ್ಪೆಯ ಒಂದು ಕಾಲೂ ಇಲ್ಲ.

ಏರಿ ಮೇಲೆ:
ಬಡಿಯಿತು ಅಂದ ಮೇಲೆ ಲೂರ್ ತನ್ನ ಕೆಲಸ ಮಾಡಿದೆ ಅಲ್ವಾ? ಹುಡುಗನಿಗೆ ಇದನ್ನು ಹೇಳಿ.

ನೀರು ಸಿಡಿದ ತಕ್ಷಣ ಗಾಬರಿಯಿಂದ ರಾಡ್ ಎತ್ತುತ್ತಾರೆ, ಕಪ್ಪೆ ಬಾಯಿಂದ ಹಾರಿ ಬರುತ್ತದೆ. ಕಪ್ಪೆ ನೀರೊಳಗೆ ಮಾಯ ಆಗಬೇಕು. ದಾರ ಬಿಗಿಯಾಗಬೇಕು. ಭಾರ ಕೈಗೆ ಬರಬೇಕು. ಆಮೇಲೆ ಜೋರಾಗಿ ಎಳೆಯಿರಿ, ಹೆದರಬೇಡಿ. ಆ ಕಪ್ಪೆಯ ಮೈ ಟೊಳ್ಳು. ಎರಡು ಕೊಕ್ಕೆ ಬೆನ್ನಿಗೆ ಒತ್ತಿಕೊಂಡು ಕೂತಿರುತ್ತವೆ, ಅದಕ್ಕೇ ತಾವರೆ ಎಲೆ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ಮೈ ಅಮುಕಿ ಕೊಕ್ಕೆ ಹೊರಗೆ ಬರುತ್ತದೆ. ರಬ್ಬರ್ ಗಟ್ಟಿ ಇದ್ದರೆ ಅಮುಕುವುದಿಲ್ಲ, ಕೊಕ್ಕೆ ತಾಗುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ಎರಡು ಬೆರಳಲ್ಲಿ ಹಿಚುಕಿ ನೋಡಿ, ಮೊನೆ ಪೂರ್ತಿ ಕಾಣಬೇಕು. ಕೊಕ್ಕೆ ಒಳಗೇ ಅಡಗಿದ್ದರೆ ಇಕ್ಕಳದಿಂದ ಮೊನೆಗಳನ್ನು ಕೂದಲಷ್ಟು ಮೇಲಕ್ಕೆ ಬಗ್ಗಿಸಿ.

ಕಾಲಿನ ಎಳೆಗಳು ಬಹಳ ಉದ್ದ ಇದ್ದರೆ ಮೀನು ಕಾಲನ್ನು ಮಾತ್ರ ಕಚ್ಚಿ ಬಿಡುತ್ತದೆ. ಒಂದು ಬೆರಳಿನಷ್ಟು ಕತ್ತರಿಸಿ. ಒಂದು ಕಾಲು ಇನ್ನೊಂದಕ್ಕಿಂತ ಸ್ವಲ್ಪ ಗಿಡ್ಡ ಇರಲಿ, ಕಪ್ಪೆ ಅಡ್ಡಾದಿಡ್ಡಿ ನಡೆಯುತ್ತದೆ. ಒಳಗೆ ನೀರು ತುಂಬಿಕೊಂಡರೆ ಮುಳುಗುತ್ತದೆ, ಎಸೆತಕ್ಕೊಮ್ಮೆ ಹಿಚುಕಿ ನೀರು ತೆಗೆಯಿರಿ. ಎಳೆಯುವಾಗ ಜೊಂಡಿನ ಮೇಲೆ ಬೇಗ ಎಳೆಯಿರಿ, ಎಲೆಗಳ ನಡುವೆ ಕಿಂಡಿ ಸಿಕ್ಕ ಕಡೆ ನಿಲ್ಲಿಸಿ. ನಿಲ್ಲಿಸಿದಾಗಲೇ ಬಡಿಯುವುದು ಜಾಸ್ತಿ.

ಗೊರೂರು ರಸ್ತೆ:
ಅಣ್ಣ, ಇದು ಚಿನ್ನದಂಥ ಮಾಹಿತಿ. ಬಣ್ಣದ ಬಗ್ಗೆ ಏನು? ಡಬ್ಬಿಯಲ್ಲಿ ಕಪ್ಪು ಕಪ್ಪೆ ಒಂದಿದೆ, ಹಳದಿ ಕಪ್ಪೆ ಒಂದಿದೆ.

ಏರಿ ಮೇಲೆ:
ಕಪ್ಪು ಹಾಕಿ. ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಬೆಳಕಿನ ಎದುರು ಕಾಣುವುದು ಬರೀ ಆಕಾರ. ಹಳದಿ ನಿಮಗೆ ಚೆಂದ ಕಾಣಲಿ ಅಂತ ಬಳಿದದ್ದು.

ತರೀಕೆರೆ ಲೈನ್:
ಅಷ್ಟು ಕಡ್ಡಿ ಮುರಿದ ಹಾಗೆ ಹೇಳಲು ಬರುವುದಿಲ್ಲ ಅಣ್ಣ. ಮೇಲೆ ತೇಲುವುದಕ್ಕೆ ನಿಮ್ಮ ಮಾತು ನಿಜ. ನೀರೊಳಗೆ ಓಡುವ ಲೂರಿಗೆ ಬಣ್ಣ ಲೆಕ್ಕಕ್ಕೆ ಬರುತ್ತದೆ. ಮುಂಗಾರು ಶುರುವಾಗಿ ಹಳ್ಳದ ಕೆಂಪು ನೀರು ಹಿನ್ನೀರಿಗೆ ಸೇರಿದಾಗ ಬೆಳ್ಳಿ ಬಣ್ಣದ ಕ್ರ್ಯಾಂಕ್ ಎಸೆದು ಪ್ರಯೋಜನವಿಲ್ಲ. ಆಗ ಕಡು ಬಣ್ಣ ಅಥವಾ ಕಣ್ಣು ಕುಕ್ಕುವ ಗಿಳಿಹಸಿರು. ಅದಕ್ಕಿಂತ ಮುಖ್ಯ ಸದ್ದು. ಸ್ಪಿನ್ನರಿನ ರೆಕ್ಕೆ ತಿರುಗುವ ಅದುರು ಮೀನಿನ ಮೈ ಪಕ್ಕದ ಗೆರೆಗೆ ತಿಳಿಯುತ್ತದೆ, ಕಣ್ಣು ಬೇಕಾಗಿಲ್ಲ. ಮಳೆ ನಿಂತು ನೀರು ತಿಳಿಯಾದ ಮೇಲೆ ಬೆಳ್ಳಿ, ಕಂದು, ಮರಿಮೀನಿನ ಬಣ್ಣ.

ಏರಿ ಮೇಲೆ:
ಒಪ್ಪಿದೆ. ನಾನು ಹೇಳಿದ್ದು ಕಪ್ಪೆಗೆ ಮಾತ್ರ.

ಸಕಲೇಶಪುರ ಟು ಡಲ್ಲಾಸ್:
ಪ್ಲಾಸ್ಟಿಕ್ ಹುಳು ಅಲ್ಲಿ ನಡೆಯುತ್ತದಾ? ಇಲ್ಲಿ ಅದಿಲ್ಲದೆ ಬ್ಯಾಸ್ ಇಲ್ಲ.

ತರೀಕೆರೆ ಲೈನ್:
ಮರಲ್ ಒಮ್ಮೊಮ್ಮೆ ಹಿಡಿಯುತ್ತದೆ. ಆದರೆ ಹಲ್ಲಿಗೆ ಸಿಕ್ಕಿ ತುಂಡಾಗುತ್ತದೆ, ಪ್ಯಾಕೆಟ್ ಬೇಗ ಖಾಲಿ. ಬಾಲ ಅಲ್ಲಾಡುವ ಪ್ಲಾಸ್ಟಿಕ್ ಮೀನು ಅದಕ್ಕಿಂತ ಮೇಲು. ಕಾಟ್ಲಾ, ರೋಹು ಲೂರ್ ಹಿಂದೆ ಹೋಗುವ ಮೀನಲ್ಲ. ಅವಕ್ಕೆ ಹಿಂಡಿ, ಹಿಟ್ಟಿನ ಉಂಡೆಯೇ. ಬಿತ್ತನೆ ಮಾಡಿದ ಕೆರೆಯಲ್ಲಿ ಅವೇ ಜಾಸ್ತಿ ಇರುವುದರಿಂದ ದಿನವಿಡೀ ಲೂರ್ ಎಸೆದರೂ ಏನೂ ಮುಟ್ಟದೆ ಇರಬಹುದು. ಲೂರ್ ಸರಿ ಇಲ್ಲ ಅಂತ ಬೈಯಬೇಡಿ.

ಹಿರೇಕೊಳಲೆ ಹಕ್ಕಿ:
ನಾನು ಗಾಳ ಹಾಕುವುದಿಲ್ಲ, ಕೆರೆಗೆ ಹಕ್ಕಿ ನೋಡಲು ಹೋಗುತ್ತೇನೆ. ಬ್ರೇಡ್ ಅಷ್ಟು ಗಟ್ಟಿ ಅಂತ ಎಲ್ಲರೂ ಹೊಗಳುತ್ತಿದ್ದೀರಿ. ಅದು ಜೊಂಡಿಗೆ ಸಿಕ್ಕಿ ತುಂಡಾಗಿ ಉಳಿದರೆ ಏನಾಗುತ್ತದೆ ಗೊತ್ತಾ? ನೀರುಕಾಗೆಯೊಂದರ ರೆಕ್ಕೆಗೂ ಕಾಲಿಗೂ ಸೇರಿ ಸುತ್ತಿಕೊಂಡಿತ್ತು. ಬಿಡಿಸಲು ಹೋದರೆ ಕತ್ತರಿಯಿಂದಲೂ ಕಷ್ಟ. ಕಾಲಿನ ಚರ್ಮದೊಳಗೆ ಇಳಿದುಹೋಗಿತ್ತು. ಏರಿ ಮೇಲೆ ಕೂತು ದಾರ ಕತ್ತರಿಸಿ ಅಲ್ಲೇ ಬಿಸಾಡಿ ಹೋಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮೂಡಿಗೆರೆ ಮಳೆ:
ಅದಕ್ಕೇ ನಾನು ಹೇಳಿದ್ದು ತಂಗೂಸಿ ಸಾಕು ಅಂತ.

ಹಿರೇಕೊಳಲೆ ಹಕ್ಕಿ:
ತಂಗೂಸಿಯೂ ಮಣ್ಣಲ್ಲಿ ಕರಗುವುದಿಲ್ಲ ಸಾರ್. ವರ್ಷಗಟ್ಟಲೆ ಹಾಗೇ ಇರುತ್ತದೆ.

ಏರಿ ಮೇಲೆ:
ಮೇಡಂ ಹೇಳುವುದು ನ್ಯಾಯ. ಅದಕ್ಕೆ ನಾನು ಕೊಡುವ ಉತ್ತರ ತೆಳು ದಾರ ಅಲ್ಲ. ತೆಳು ದಾರ ಕಸಕ್ಕೆ ಸಿಕ್ಕರೆ ಪಟ್ ಅಂತ ತುಂಡಾಗಿ ಅಲ್ಲೇ ಉಳಿಯುತ್ತದೆ, ಕೊಕ್ಕೆ ಸಮೇತ. ಮೀನಿನ ಬಾಯಲ್ಲೂ ಉಳಿಯುತ್ತದೆ. ಕೆರೆಗೆ ತಕ್ಕ ಬಲದ ದಾರ ಇದ್ದರೆ ಜೊಂಡು ಕಿತ್ತುಕೊಂಡಾದರೂ ಲೂರ್ ವಾಪಸ್ ಬರುತ್ತದೆ. ಸಿಕ್ಕಿಕೊಂಡರೆ ರಾಡ್‌ನಿಂದ ಎಳೆಯಬೇಡಿ, ರಾಡ್ ಮುರಿಯುತ್ತದೆ. ದಾರವನ್ನು ಬರಿ ಕೈಗೆ ಸುತ್ತಿ ಎಳೆದರೆ ಬೆರಳು ಕೊಯ್ಯುತ್ತದೆ. ಒಂದು ಕೋಲಿಗೆ ನಾಲ್ಕು ಸುತ್ತು ಸುತ್ತಿ ನೇರ ಹಿಂದಕ್ಕೆ ನಡೆಯಿರಿ. ತುಂಡು ದಾರ ಹಾಕಲು ಬ್ಯಾಗಿನಲ್ಲಿ ಖಾಲಿ ನೀರಿನ ಬಾಟಲಿ ಇರಲಿ.

ಬೇಲೂರು ಬೆಂಡು:
ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಮಳೆಗಾಲದಲ್ಲಿ ಮರಲ್ ಮರಿ ಕೆಂಪಗೆ ಗುಂಪಾಗಿ ನೀರಿನ ಮೇಲೆ ಬುಳುಬುಳು ಅನ್ನುತ್ತಾ ಹೋಗುತ್ತದಲ್ಲ. ಅದರ ಕೆಳಗೇ ಅಪ್ಪ ಅಮ್ಮ ಕಾವಲಿರುತ್ತವೆ. ಆ ಗುಂಪಿನ ಮೇಲೆ ಕಪ್ಪೆ ಎಸೆದರೆ ಗ್ಯಾರಂಟಿ ಬಡಿಯುತ್ತದೆ. ಹಸಿವಿಗಲ್ಲ, ಮರಿ ಕಾಯಲು. ಇದನ್ನೇ ದೊಡ್ಡ ಸಾಹಸ ಅಂತ ವಿಡಿಯೋ ಹಾಕುತ್ತಾರೆ.

ಮೂಡಿಗೆರೆ ಮಳೆ:
ಅದು ನಮ್ಮಲ್ಲೂ ಮಾಡುವುದಿಲ್ಲ. ಕಾವಲು ಮೀನು ತೆಗೆದರೆ ಮರಿಗಳನ್ನು ಒಂದೇ ದಿನಕ್ಕೆ ಬೇರೆ ಮೀನು, ಕೊಕ್ಕರೆ ಮುಗಿಸುತ್ತವೆ. ನಮ್ಮಜ್ಜ ಇದ್ದಾಗ ಅಂಥ ಮೀನು ತಂದರೆ ಮನೆಯೊಳಗೆ ಸೇರಿಸುತ್ತಿರಲಿಲ್ಲ.

ಸಕಲೇಶಪುರ ಟು ಡಲ್ಲಾಸ್:
ಬ್ಯಾಸ್ ಕೂಡ ಹಾಗೇ. ಗಂಡು ಮೀನು ಗೂಡು ಕಾಯುತ್ತದೆ. ಇಲ್ಲೂ ಇದರ ಮೇಲೆ ಜಗಳ ನಿಂತಿಲ್ಲ.

ತರೀಕೆರೆ ಲೈನ್:
ಗೊರೂರು ರಸ್ತೆಯವರೇ, ಎಲ್ಲಿ ಎಸೆಯಬಾರದು ಅಂತಲೂ ತಿಳಿದಿರಲಿ. ರಾಮನಾಥಪುರದ ಕಾವೇರಿಯ ದೇವರ ಮೀನು, ಶೃಂಗೇರಿಯ ತುಂಗೆಯ ಮೀನು ಮುಟ್ಟುವ ಹಾಗಿಲ್ಲ. ಭದ್ರಾ ಅಭಯಾರಣ್ಯದ ಒಳಗೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಗಾಳ ಹಿಡಿದು ಹೋದರೆ ಕೇಸ್. ಊರ ಕೆರೆ ಆದರೂ ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ಯಾರಾದರೂ ತಗೊಂಡಿರುತ್ತಾರೆ. ಮೊದಲು ಅವರನ್ನು ಕೇಳಿ. ಲೂರ್‌ನಲ್ಲಿ ಮರಲ್ ಹಿಡಿದು ಬಿಡುತ್ತೇನೆ ಅಂದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ಬಿತ್ತಿದ ಮರಿ ತಿನ್ನುವುದೇ ಮರಲ್, ಅವರಿಗೆ ಅದರ ಮೇಲೆ ಕೋಪ.

ಗೊರೂರು ರಸ್ತೆ:
ಕೆರೆ ಹಿಡಿದಿರುವವರು ನಮ್ಮ ಚಿಕ್ಕಪ್ಪನ ಪೈಕಿ. ಮಾತಾಡುತ್ತೇನೆ. ಇವತ್ತು ಬೇರೆ ಅಂಗಡಿಗೆ ಹೋಗಿದ್ದೆ. ಬ್ರೇಡ್ 20 ಪೌಂಡ್ ಇದೆ, 40 ಪೌಂಡ್ ಇದೆ. 4 ಎಳೆ ಅಂತ ಒಂದು, 8 ಎಳೆ ಅಂತ ಇನ್ನೊಂದು. 8 ಎಳೆಗೆ ರೇಟ್ ಜಾಸ್ತಿ. ಯಾವುದು?

ಏರಿ ಮೇಲೆ:
40 ಪೌಂಡ್, 4 ಎಳೆ, ಕಡು ಹಸಿರು. 8 ಎಳೆಯದು ನುಣುಪು, ದೂರ ಹೋಗುತ್ತದೆ, ರಿಂಗಿನಲ್ಲಿ ಸದ್ದು ಕಡಿಮೆ. ಬಯಲು ನೀರಿಗೆ ಅದು ಚೆನ್ನ. ನಿಮ್ಮ ಜೊಂಡಿಗೆ 4 ಎಳೆಯ ಒರಟೇ ಬೇಕು, ಅದೇ ಕಾಂಡ ಕೊಯ್ಯುವುದು. 40 ಪೌಂಡ್ ದಾರ ಅಂತ ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಟ್ಟುಕೊಡುವ ಬ್ರೇಕ್) ಪೂರ್ತಿ ಬಿಗಿ ಮಾಡಿ ರಾಡ್ ಮುರಿದುಕೊಳ್ಳಬೇಡಿ. ರಾಡ್ ತಡೆಯುವ ದಾರದ ಬಲ ಅದರ ಬುಡದಲ್ಲೇ ಬರೆದಿರುತ್ತದೆ, ಡ್ರ್ಯಾಗ್ ಅದರೊಳಗೆ ಇರಲಿ.

ಬ್ರೇಡನ್ನು ಖಾಲಿ ಸ್ಪೂಲ್ ಮೇಲೆ ನೇರ ಸುತ್ತಬೇಡಿ. ಹಿಡಿತ ಇಲ್ಲದೆ ಇಡೀ ಸುರುಳಿಯೇ ಸ್ಪೂಲ್ ಮೇಲೆ ಗಿರಗಿರ ತಿರುಗುತ್ತದೆ, ಮೀನು ಎಳೆದಾಗ ಡ್ರ್ಯಾಗ್ ಕೆಟ್ಟಿದೆ ಅನಿಸುತ್ತದೆ. ತಳಕ್ಕೆ ಮನೆಯಲ್ಲಿರುವ ಹಳೆಯ ತಂಗೂಸಿ ಒಂದಿಷ್ಟು ಬಿಗಿಯಾಗಿ ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕಿ ಮೇಲೆ ಸುತ್ತಿ. ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಸುತ್ತಿದರೆ ಬಿಗಿ ಕೂರುತ್ತದೆ. ಸ್ಪೂಲಿನ ಅಂಚಿಗೆ ಎರಡು ಮಿಲಿಮೀಟರ್ ಬಾಕಿ ಇರುವಾಗ ನಿಲ್ಲಿಸಿ.

ಮೂಡಿಗೆರೆ ಮಳೆ:
ನೋಡಿದ್ರಾ, ಕೊನೆಗೂ ತಂಗೂಸಿ ಬೇಕಾಯ್ತು 😄